ಬೂದಿ, ಸುಣ್ಣ, ಎಣ್ಣಿ: ಮನ್ಯಾಗ ಸಬಕಾರ ಮಾಡಿದ ಕಥಿ

ಹೋದ ದೀಪಾವಳಿಗೆ ಮಗಳು ಪುಣೆದಿಂದ ಬಂದಾಗ ಒಂದು ಸಬಕಾರ ತಂದಿದ್ಲು. ಕಂದುಬಣ್ಣದ ಕಾಗದ, ಅದಕ್ಕೊಂದು ಸಣಬಿನ ದಾರ, ದಾರದಾಗ ಸಿಗಿಸಿದ ಒಂದು ಒಣಗಿದ ಹೂವು. "ಕೈಲೆ ಮಾಡಿದ್ದವ್ವಾ, ಕೆಮಿಕಲ್ ಏನೂ ಇಲ್ಲ" ಅಂದ್ಲು. ರೇಟು ನೋಡಿದೆ, 320 ರೂಪಾಯಿ. ಎದಿ ಧಸಕ್ ಅಂತು.

"ನಮ್ಮಜ್ಜಿ ಹುಟ್ಟಿದಾರಭ್ಯ ಒಂದು ಕೆಮಿಕಲ್ ಮುಟ್ಟಲಿಲ್ಲ, ಬೂದಿ ಅಂಟವಾಳದಾಗ ಜನ್ಮ ಕಳದ್ಲು. ಇದಕ್ಯಾಕ ಇಷ್ಟು ರೊಕ್ಕ? ನಾನ ಮಾಡಿಕೊಡ್ತೀನಿ ತಗೋ" ಅಂದೆ.

ಅಂದ ಮ್ಯಾಲೆ ಮಾಡಲೇಬೇಕಲ್ಲ. ಐವತ್ತಾರು ವರ್ಷದಾಗ ಮೊದಲನೇ ಸಲ ಸಬಕಾರ ಮಾಡ್ಲಿಕ್ಕೆ ಕೂತೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗಿ, ಮೆಂತೇದ ಹಿಟ್ಟು ಎಲ್ಲಾ ಮಾಡಿದಾಕಿ ನಾನು, ಇದೇನು ದೊಡ್ಡ ಮಾತು ಅನಿಸಿತ್ತು. ಮಗಳಿಗೆ ನಾ ಹೇಳಿದ ಆ ಎರಡು ಮಾತಿನಾಗ ಖರೆ ಎಷ್ಟಿತ್ತು, ಸುಳ್ಳೆಷ್ಟಿತ್ತು ಅಂತ ತಿಳೀಲಿಕ್ಕೆ ನಾಕು ತಿಂಗಳು ಹಿಡೀತು.

ನನ್ನ ತವರುಮನಿ ಗದಗಿನ ಕಡೆ ಒಂದು ಹಳ್ಳಿ. ನಾ ಸಣ್ಣಾಕಿ ಇದ್ದಾಗ, ಅಂದ್ರ 1975ರ ಸುಮಾರಿಗೆ, ನಮ್ಮ ಬಚ್ಚಲಮನ್ಯಾಗ ಡಬ್ಬಿ ಸಾಲಾಗಿ ಇರ್ತಿದ್ವು. ತಲಿಗೆ ಸೀಗಿಕಾಯಿ ಪುಡಿ, ಮೈಗೆ ಕಡ್ಲಿಹಿಟ್ಟು, ರೇಷ್ಮಿ ಸೀರಿಗೆ ಮತ್ತ ಬೆಳ್ಳಿ ಬಂಗಾರಕ್ಕ ಅಂಟವಾಳ, ಭಾಂಡಿಗೆ ಒಲಿ ಬೂದಿ. ದಿನದ ಅರಬಿಗೆ ಚೌಳ ಮಣ್ಣು, ಇಲ್ಲಾ ಅಂಗಡಿಯಿಂದ ತಂದ ಸೋಡಾ. ಚೌಳು ಅಂದ್ರ ಹೊಲದ ತಗ್ಗಿನಾಗ, ಹಳ್ಳದ ದಂಡಿಗೆ ಬ್ಯಾಸಗ್ಯಾಗ ಬೆಳ್ಳಗ ಉಪ್ಪಿನಂಗ ಮ್ಯಾಲೆ ಬರೂ ಮಣ್ಣು. ರೈತರಿಗೆ ಅದು ಶಾಪ, ಅಲ್ಲಿ ಬೆಳಿ ಬರೂದಿಲ್ಲ. ಅಗಸರಿಗೆ ಮಾತ್ರ ಅದ ಬಂಡವಾಳ. ಚೌಳಿನ ನೀರಾಗ ಅರಬಿ ಅದ್ದಿ, ಉಬ್ಬೆಗೆ ಹಾಕಿ ಹಬಿಯೊಳಗ ಬೇಯಿಸಿ, ಹಳ್ಳದಾಗ ಕಲ್ಲಿಗೆ ಒಗೀತಿದ್ರು. ಕೊಳಿ ಬಿಡ್ತಿತ್ತು.

ನಮ್ಮಜ್ಜಿ ಭಾಳ ಮಡಿ. ಸಬಕಾರ ಅಂದ್ರ ಆಗ್ತಿರಲಿಲ್ಲ. "ಅದರಾಗ ಕೊಬ್ಬು ಹಾಕಿರ್ತಾರ, ಯಾವ ಪ್ರಾಣಿದೋ ಏನೋ" ಅಂತಿದ್ಲು. ಅಕಿ ಸೀರಿ ಅಗಸರಿಗೆ ಹಾಕೂಹಂಗಿಲ್ಲ, ಸಬಕಾರ ಹಚ್ಚೂಹಂಗಿಲ್ಲ. ನಮ್ಮವ್ವನ ಒಗೀಬೇಕು. ಈ ಮಾತು ನೆನಪಿಟ್ಟುಕೊಳ್ರಿ, ಆಮ್ಯಾಲೆ ಬರ್ತದ.

ನಾ ಪಿಯುಸಿ ತನಕ ಓದಿದಾಕಿ, ಅದೂ ಸೈನ್ಸ್. ಎಣ್ಣಿಗೆ ಕ್ಷಾರ ಕೂಡಿಸಿದ್ರ ಸಬಕಾರ ಮತ್ತ ಗ್ಲಿಸರಿನ್ ಆಗ್ತದ, ಅದಕ್ಕ ಸಪೋನಿಫಿಕೇಶನ್ ಅಂತಾರ ಅಂತ ಬಾಯಿಪಾಠ ಮಾಡಿ ಪರೀಕ್ಷಾದಾಗ ಬರದು ಮಾರ್ಕ್ಸ್ ತಗೊಂಡಿದ್ದೆ. ಆ ಕ್ಷಾರ ನಮ್ಮ ಒಲಿಯೊಳಗ ದಿನಾ ಬೀಳ್ತದ ಅನ್ನೂದು ಮಾತ್ರ ಆವಾಗ ತಲಿಗೆ ಹೋಗಿರಲಿಲ್ಲ.

ಅಜ್ಜಿ ಹಾದಿನ ಹಿಡಿಯೂಣು ಅಂತ ತಮ್ಮನ ಮನಿಯಿಂದ ಒಂದು ಚೀಲ ಬೂದಿ ತರಿಸಿದೆ. ಅಲ್ಲಿ ಇನ್ನೂ ಹಂಡೆದ ಒಲಿ ಅದ, ಹತ್ತಿಕಟಗಿ ಜಾಲಿಕಟಗಿ ಉರಸ್ತಾರ. ಒಂದು ಪ್ಲಾಸ್ಟಿಕ್ ಬಕೀಟಿನ ತಳಕ್ಕ ತೂತು ಮಾಡಿ, ಸಣ್ಣ ಹರಳು ಹಾಕಿ, ಅದರ ಮ್ಯಾಲೆ ಒಣಹುಲ್ಲು, ಅದರ ಮ್ಯಾಲೆ ಜರಡಿ ಹಿಡಿದ ಬೂದಿ ತುಂಬಿದೆ. ಮ್ಯಾಲಿಂದ ನೀರು ಹಾಕ್ಕೋತ ಹೋದೆ. ಕೆಳಗ ಚಹಾದ ಬಣ್ಣದ ನೀರು ಹನಿಹನಿ ಬಿತ್ತು. ಅದು ಸಾಕಷ್ಟು ಖಾರ ಆಗ್ಯದೋ ಇಲ್ಲೋ ನೋಡ್ಲಿಕ್ಕೆ ಹಳೇ ಕಾಲದ ಪರೀಕ್ಷಾ ಒಂದದ. ತತ್ತಿ ಬಿಡಬೇಕು, ತೇಲಿದ್ರ ಸರಿ. ನಮ್ಮ ಮನ್ಯಾಗ ತತ್ತಿ ಎಲ್ಲಿಂದ ಬರಬೇಕು? ಒಂದು ಸಣ್ಣ ಬಟಾಟಿ ಬಿಟ್ಟೆ. ಬುಳಕ್ ಅಂತ ತಳಕ್ಕ ಹೋತು. ಆ ನೀರು ಸ್ಟೀಲಿನ ಭಾಂಡೆದಾಗ ಕುದಿಸಿ ಕುದಿಸಿ ಅರ್ಧ ಮಾಡಿದ ಮ್ಯಾಲೆ ಬಟಾಟಿ ತೇಲ್ತು.

ಖುಷಿಲೆ ಕೊಬ್ಬರಿ ಎಣ್ಣಿ ಹಾಕಿ ಮೂರು ತಾಸು ಕುದಿಸಿ ತಿರುವಿದೆ. ಎಣ್ಣಿ ಎಣ್ಣಿನ ಉಳೀತು, ನೀರು ನೀರ ಉಳೀತು. ನಮ್ಮನಿಯವರು ಅಡಗಿಮನ್ಯಾಗ ಹಣಿಕಿ ಹಾಕಿ, "ಸಾರಿಗೆ ಒಗ್ಗರಣಿ ಹೆಚ್ಚಾಗ್ಯದೇನು?" ಅಂತ ಕೇಳಿ ಹೋದರು.

ಯಾಕ ಕೂಡಲಿಲ್ಲ ಅಂತ ಓದಿ ನೋಡಿದೆ. ಬೂದಿನೀರಿನಾಗ ಇರೂದು ಪೊಟ್ಯಾಶಿಯಂ ಕಾರ್ಬೊನೇಟ್, ಅದು ಸೌಮ್ಯ ಕ್ಷಾರ. ಪೊಟ್ಯಾಶ್ ಅನ್ನೂ ಹೆಸರು ಹುಟ್ಟಿದ್ದ ಇಂಗ್ಲಿಷಿನಾಗ ಗಡಗಿ ಮತ್ತ ಬೂದಿ ಅನ್ನೂ ಎರಡು ಶಬ್ದ ಕೂಡಿ, ಯಾಕಂದ್ರ ಬೂದಿನೀರು ಗಡಗ್ಯಾಗ ಬತ್ತಿಸಿ ಅದನ್ನ ತೆಗೀತಿದ್ರು. ಇದು ಜಿಡ್ಡು ತೆಗೀತದ, ಭಾಂಡಿ ಬೆಳಗ್ತದ, ಜಿಡ್ಡಿನ ಸ್ವಲ್ಪ ಪಾಲನ್ನ ಅಲ್ಲೇ ಸಬಕಾರಾನೂ ಮಾಡ್ತದ. ಆದ್ರ ಒಂದು ಭಾಂಡೆ ಎಣ್ಣಿಯನ್ನ ಸಬಕಾರ ಮಾಡೂ ಶಕ್ತಿ ಇದಕ್ಕಿಲ್ಲ. ಅದಕ್ಕ ಸುಣ್ಣ ಬೇಕು. ಬೂದಿನೀರಿಗೆ ಸುಣ್ಣ ಕೂಡಿಸಿದ್ರ ಕಾರ್ಬೊನೇಟ್ ಸುಣ್ಣದ ಜೋಡಿ ಬೆಳ್ಳನ್ನ ಗಸಿಯಾಗಿ ತಳಕ್ಕ ಹೋಗ್ತದ, ಮ್ಯಾಲೆ ಉಳಿಯೂದು ತೀಕ್ಷ್ಣ ಕ್ಷಾರ.

ಈ ಉಪಾಯ ಹೊರಗಿನವರು ಬಂದು ಹೇಳಿದ್ದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಾಗ ಕ್ಷಾರ ಮಾಡೂದರ ಮ್ಯಾಲೆನ ಒಂದು ಅಧ್ಯಾಯ ಅದ. ಗಿಡದ ಕಟಗಿ ಸುಟ್ಟು, ಬೂದಿಯನ್ನ ನೀರಿನಾಗ ಕಲಿಸಿ, 21 ಸಲ ಸೋಸಿ, ಕುದಿಸಿ, ಅದಕ್ಕ ಸುಟ್ಟ ಸುಣ್ಣದಕಲ್ಲು, ಶಂಖ, ಸಿಂಪಿ ಹಾಕಬೇಕು ಅಂತ ಹೇಳ್ಯಾರ. ಮೃದು, ಮಧ್ಯಮ, ತೀಕ್ಷ್ಣ ಅಂತ ಮೂರು ಬಗಿ ಮಾಡ್ಯಾರ. ಮಾಡಿದ್ದನ್ನ ಕಬ್ಬಿಣದ ಕೊಡದಾಗ ಇಡಬೇಕು ಅಂತಾನೂ ಹೇಳ್ಯಾರ. ಅದು ಸಬಕಾರಕ್ಕಲ್ಲ, ಮೂಲವ್ಯಾಧಿ, ನರೂಲಿ ಅಂಥಾವನ್ನ ಸುಟ್ಟು ತೆಗೀಲಿಕ್ಕೆ. ಅಂದ್ರ ಚೂರಿ ಮಾಡೂ ಕೆಲಸ ಮಾಡೂವಂಥ ಖಾರದ ನೀರು.

ಇದನ್ನ ಓದಿದ ದಿನ ನಾ ಸುಮ್ಮನ ಕೂತುಬಿಟ್ಟೆ. ನಮ್ಮಜ್ಜಿ ಒಲ್ಯಾಗ ಬೂದಿ ಇತ್ತು. ಅಕಿ ಎಲಿಅಡಿಕಿ ಚೀಲದಾಗ ಸುಣ್ಣ ಇತ್ತು. ದೇವರ ಮುಂದಿನ ದೀಪದಾಗ ಎಣ್ಣಿ ಇತ್ತು. ಮೂರೂ ಹತ್ತು ಮಾರು ದೂರದೊಳಗ ಇದ್ದಾಗ, ಕ್ಷಾರ ಮಾಡೂ ವಿದ್ಯಾನೂ ದೇಶದಾಗ ಇದ್ದಾಗ, ಸಬಕಾರ ಯಾಕ ನಮ್ಮ ಮನ್ಯಾಗ ಹುಟ್ಟಲಿಲ್ಲ?

ನಂಗ ತಿಳಿದದ್ದು ಇಷ್ಟು. ಮೊದಲನೇದು, ಎಣ್ಣಿ ಸಸ್ತಾ ಇರಲಿಲ್ಲ. ಅದು ಅಡಗಿಗೆ, ದೀಪಕ್ಕ, ತಲಿಗೆ. ಅದನ್ನ ಬಚ್ಚಲಕ್ಕ ಸುರಿಯೂ ಧೈರ್ಯ ಯಾವ ಗೃಹಿಣಿಗೂ ಬಂದಿರಲಿಕ್ಕಿಲ್ಲ. ಎರಡನೇದು, ಅಂಟವಾಳ ಸೀಗಿಕಾಯಿಯೊಳಗ ನೊರಿ ಕೊಡೂ ಅಂಶ ಗಿಡದಾಗನ ತಯಾರಾಗಿ ಬರ್ತದ. ಕಾಯಿ ಒಣಗಿಸಿ ಕುಟ್ಟಿದ್ರ ಸಾಕು. ದೇವರು ಮಾಡಿಕೊಟ್ಟದ್ದು ಇರೂ ಮುಂದ ಕುದಿಸೂ ಉಸಾಬರಿ ಯಾರಿಗೆ ಬೇಕು?

ಈ ಕಾಯಿ ಇಲ್ಲದ ದೇಶದಾಗ ಬ್ಯಾರೆ ಹಾದಿ ಹಿಡದ್ರು. ಒಂದನೇ ಶತಮಾನದ ರೋಮಿನ ಪಂಡಿತ ಪ್ಲಿನಿ, ಗಾಲ್ ಜನ ಕೊಬ್ಬು ಮತ್ತ ಬೂದಿ ಕೂಡಿಸಿ ಒಂದು ವಸ್ತು ಮಾಡ್ತಾರ, ಅದನ್ನ ಕೂದಲ ಕೆಂಪ ಮಾಡ್ಲಿಕ್ಕೆ ಹಚ್ಕೋತಾರ ಅಂತ ಬರದಾನ. ಆ ವಸ್ತುವಿನ ಹೆಸರು 'ಸಾಪೊ'. ಅದ ಅರಬ್ಬರ ಬಾಯಾಗ 'ಸಾಬೂನ್' ಆತು, ನಮ್ಮಲ್ಲಿ ಸಾಬೂನು ಆತು. ಸಿರಿಯಾದ ಅಲೆಪ್ಪೊ ಊರಾಗ ಆಲಿವ್ ಎಣ್ಣಿಗೆ ಲಾರೆಲ್ ಕಾಯಿ ಎಣ್ಣಿ ಕೂಡಿಸಿ ಮಾಡೂ ಸಬಕಾರ ನೂರಾರು ವರ್ಷದಿಂದ ಹೆಸರುವಾಸಿ. ಅದನ್ನ ತಿಂಗಳುಗಟ್ಟಲೆ ಒಣಗಿಸ್ತಾರ, ಹೊರಗ ಕಂದು, ಒಳಗ ಹಸರು. ಫ್ರಾನ್ಸಿನ ಮಾರ್ಸೇಲ್ಸ್ ಊರಿನ ಸಬಕಾರದಾಗ ಆಲಿವ್ ಎಣ್ಣಿ ಬಿಟ್ಟು ಬ್ಯಾರೆ ಜಿಡ್ಡು ಹಾಕಬಾರದು ಅಂತ 14ನೇ ಲೂಯಿ ದೊರೆ 1688ರಾಗ ಕಾಯ್ದೆನ ಮಾಡಿದ್ದ.

ಸುಣ್ಣದ ಕಥಿ ತಿಳಿದ ಮ್ಯಾಲೆ ನಾನೂ ಮತ್ತೊಮ್ಮೆ ಬೂದಿನೀರಿಗೆ ಸುಣ್ಣ ಕೂಡಿಸಿ, ತಿಳಿ ಬಸಿದು, ಎಣ್ಣಿ ಹಾಕಿ ಕುದಿಸಿದೆ. ಈ ಸಲ ಖರೇನ ಕೂಡ್ತು! ಆದ್ರ ಎಂಟು ದಿನ ಆದ್ರೂ ಗಟ್ಟಿ ಆಗಲಿಲ್ಲ. ಕಂದುಬಣ್ಣದ ಲೋಳಿ, ಹಲವಾ ಕೆಟ್ಟಂಗ. ನೊರಿ ಬಂತು, ಕೈ ಸ್ವಚ್ಛ ಆತು, ಆದ್ರ ಅಚ್ಚು ಹಿಡೀಲಿಲ್ಲ. ಕಾರಣ ಇಷ್ಟ: ಕಟಗಿ ಬೂದಿಯ ಪೊಟ್ಯಾಶ್ ಕ್ಷಾರದಿಂದ ಮೆತ್ತನ್ನ ಸಬಕಾರ ಆಗ್ತದ. ಗಟ್ಟಿ ಬಿಲ್ಲಿ ಬೇಕಂದ್ರ ಸೋಡಿಯಂ ಕ್ಷಾರ ಬೇಕು. ಸಮುದ್ರದ ದಂಡಿಗೆ, ಉಪ್ಪು ನೆಲದಾಗ ಬೆಳೆಯೂ ಗಿಡದ ಬೂದಿಯೊಳಗ ಅದು ಇರ್ತದ. ಆ ಬೂದಿಗೆ ಅರಬ್ಬರು 'ಅಲ್ ಕಲಿ' ಅಂದ್ರು, ಈಗಿನ ಆಲ್ಕಲಿ ಶಬ್ದ ಅಲ್ಲಿಂದನ ಬಂತು. ಹಂಗಾಗಿ ಮೆಡಿಟರೇನಿಯನ್ ಸಮುದ್ರದ ಸುತ್ತಿನ ಊರಾಗ ಗಟ್ಟಿ ಸಬಕಾರ ಹುಟ್ಟಿತು, ಒಳನಾಡಿನ ಕಟಗಿ ಬೂದಿಯವರಿಗೆ ಲೋಳಿನ ಗತಿ ಆತು. ನಾನೂ ಆ ಲೋಳಿಯವರ ಸಾಲಿಗೆ ಸೇರಿದೆ.

ಗಟ್ಟಿ ಸಬಕಾರ ಬಡವರ ಮನಿಗೂ ಬರಬೇಕಂದ್ರ ಸೋಡಾ ಸಸ್ತಾ ಆಗಬೇಕಿತ್ತು. ಆ ದಾರಿ ತೆರೆದವ ಫ್ರಾನ್ಸಿನ ನಿಕೊಲಾಸ್ ಲೆಬ್ಲಾಂಕ್. ಸಾದಾ ಉಪ್ಪಿನಿಂದ ಸೋಡಾ ಮಾಡೂ ರೀತಿಗೆ 1791ರಾಗ ಅವನಿಗೆ ಪೇಟೆಂಟ್ ಸಿಕ್ಕಿತು. ಕ್ರಾಂತಿ ಗದ್ದಲದಾಗ ಅವನ ಕಾರಖಾನಿ ಸರಕಾರ ಕಸಗೊಂಡ್ತು, 1806ರಾಗ ಅವ ತನ್ನ ಜೀವಾ ತಾನ ತಗೊಂಡ. ಅವನ ರೀತಿ ಮಾತ್ರ ಇಂಗ್ಲೆಂಡ್ ತನಕ ಹಬ್ಬಿತು. ಸೋಡಾ ಜೋಡಿ ಆ ಕಾರಖಾನಿ ಚಿಮಣಿಯಿಂದ ಹೈಡ್ರೋಕ್ಲೋರಿಕ್ ಆಸಿಡ್ ಹೊಗಿ ಬರ್ತಿತ್ತು. ಸುತ್ತಲಿನ ಗಿಡ, ಬೆಳಿ ಸುಟ್ಟು ಹೋದ್ವು, ಮಂದಿಗೆ ಉಸರು ಕಟ್ತು. ಕಡೀಕೆ 1863ರಾಗ ಬ್ರಿಟನ್ನಿನ ಪಾರ್ಲಿಮೆಂಟಿನವರು ಆ ಹೊಗಿ ತಡೀಲಿಕ್ಕೆ ಆಲ್ಕಲಿ ಕಾಯ್ದೆ ತರಬೇಕಾತು. ಅಲ್ಲಿ ಸಬಕಾರದ ಮ್ಯಾಲಿನ ತೆರಿಗಿ ಹೋಗಿದ್ದು 1853ರಾಗ. ಸೋಡಾ ಸಸ್ತಾ, ತೆರಿಗಿ ಇಲ್ಲ. ಸಬಕಾರ ಜನರ ಮನಿ ಹೊಕ್ಕಿತು.

ಹೊಕ್ಕಿದ್ದು ನಮ್ಮ ದೇಶಕ್ಕೂ ಬಂತು. 1888ರಾಗ ಕಲಕತ್ತಾ ಬಂದರಿನಾಗ ಲೀವರ್ ಬ್ರದರ್ಸ್ ಕಂಪನಿಯ ಸನ್‌ಲೈಟ್ ಸಬಕಾರದ ಪೆಟಿಗಿ ಬಂದಿಳಿದ್ವು. 1895ರಾಗ ಲೈಫ್‌ಬಾಯ್ ಬಂತು. ಆದ್ರ ಸಬಕಾರದ ಜೋಡಿ ಸಂಶೇನೂ ಬಂತು. 1857ರಾಗ ತುಪಾಕಿಯ ಕಾಡತೂಸಿಗೆ ಹಚ್ಚಿದ ಕೊಬ್ಬಿನ ಮಾತಿಗೆ ಎಷ್ಟು ದೊಡ್ಡ ದಂಗೆ ಎದ್ದಿತ್ತು ಅಂತ ಎಲ್ಲಾರಿಗೂ ಗೊತ್ತು. ಪರದೇಶದ ಸಬಕಾರದಾಗ ಪ್ರಾಣಿ ಕೊಬ್ಬು ಹಾಕೂ ರೂಢಿ ಇತ್ತು. ಹಂಗಾಗಿ ನಮ್ಮಜ್ಜಿಯ ಸಂಶೆ ಬರೇ ಮುದುಕಿ ಹಟ ಅಲ್ಲ, ಅದಕ್ಕ ಬುಡ ಇತ್ತು. ಈ ಸಂಶೆ ತಿಳಿದ ಮಂದಿನೂ ಇದ್ರು. ಸ್ವದೇಶಿ ಗಾಳಿ ಬೀಸತಿದ್ದ ಕಾಲಕ್ಕ, 1918ರ ಸುಮಾರಿಗೆ, ಗೋದ್ರೆಜ್ ಕಂಪನಿ ಪ್ರಾಣಿ ಕೊಬ್ಬಿಲ್ಲದ, ಬರೇ ಎಣ್ಣಿಯಿಂದ ಮಾಡಿದ ಸಬಕಾರ ಮಾರ್ಲಿಕ್ಕೆ ಸುರು ಮಾಡಿತು.

ಅದ ಹೊತ್ತಿಗೆ ನಮ್ಮ ಕನ್ನಡದ ನೆಲದಾಗೂ ಒಂದು ಸಬಕಾರ ಹುಟ್ಟಿತು. ಮೈಸೂರ ಸಂಸ್ಥಾನದ ಶ್ರೀಗಂಧ ಪರದೇಶಕ್ಕ ಹೋಗ್ತಿತ್ತು, ಅಲ್ಲಿ ಅದರ ಎಣ್ಣಿ ತೆಗೀತಿದ್ರು. 1914ರಾಗ ಮೊದಲನೇ ಮಹಾಯುದ್ಧ ಸುರು ಆಗಿ ಸಾಗಾಟ ನಿಂತು, ಗಂಧದ ಕಟಗಿ ಇಲ್ಲೇ ರಾಶಿ ಬಿತ್ತು. ಆವಾಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಕಟಗಿ ಯಾಕ ಮಾರಬೇಕು, ಎಣ್ಣಿನ ನಾವ ತೆಗಿಯೂಣು ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತ ವಾಟ್ಸನ್ ಅನ್ನೂ ಪ್ರೊಫೆಸರರ ಸಹಾಯಲೆ 1916ರಾಗ ಗಂಧದ ಎಣ್ಣಿ ತೆಗದ್ರು. ಆಮ್ಯಾಲೆ ಎಸ್.ಜಿ. ಶಾಸ್ತ್ರಿ ಅನ್ನೂ ರಸಾಯನಶಾಸ್ತ್ರಜ್ಞರನ್ನ ಸಬಕಾರದ ವಿದ್ಯಾ ಕಲೀಲಿಕ್ಕೆ ಇಂಗ್ಲೆಂಡಿಗೆ ಕಳಿಸಿದ್ರು. 1918ರಾಗ ಬೆಂಗಳೂರಿನಾಗ ಸರಕಾರಿ ಸಬಕಾರ ಕಾರಖಾನಿ ಸುರು ಆತು. ಸಿಂಹದ ಮೈ, ಆನಿ ತಲಿ ಇರೂ ಶರಭ ಅದರ ಗುರ್ತು. ತತ್ತಿ ಆಕಾರದ ಆ ಮೈಸೂರ್ ಸ್ಯಾಂಡಲ್ ಸಬಕಾರ ಯಾರ ಮನಿಗೆ ಬಂದಿಲ್ಲ ಹೇಳ್ರಿ? 2006ರಾಗ ಅದಕ್ಕ ಜಿಐ ಮಾನ್ಯತಾನೂ ಸಿಕ್ಕಿತು.

ನಮ್ಮ ಗದಗ ಧಾರವಾಡ ಆವಾಗ ಮುಂಬಯಿ ಪ್ರಾಂತದಾಗ ಇದ್ವು, ಮೈಸೂರು ಅಂದ್ರ ಬ್ಯಾರೆ ರಾಜ್ಯ. ನಾ ಹುಟ್ಟೂ ಹೊತ್ತಿಗೆ ಎಲ್ಲಾ ಒಂದಾಗಿತ್ತು. ಅಪ್ಪ ದೀಪಾವಳಿಗೆ ಹುಬ್ಬಳ್ಳಿಯಿಂದ ಒಂದ ಒಂದು ಗಂಧದ ಸಬಕಾರ ತರ್ತಿದ್ರು. ನೀರು ತುಂಬೂ ಹಬ್ಬದ ಮರುದಿನ ಎಣ್ಣಿ ಹಚ್ಚಿಕೊಂಡು ಎರಕೊಳ್ಳೂ ಮುಂದ ಅದನ್ನ ಹೊರಗ ತೆಗೀತಿದ್ರು. ಒಬ್ಬರಾದ ಮ್ಯಾಲೆ ಒಬ್ಬರು ಹಚ್ಚಿಕೊಂಡು, ಒರಿಸಿ, ಮತ್ತ ಕಾಗದದಾಗ ಸುತ್ತಿ ಟ್ರಂಕಿನಾಗ ಇಡೂದು. ಟ್ರಂಕಿನಾಗಿನ ಸೀರಿಗೆಲ್ಲಾ ಅದ ವಾಸನಿ. ಅಪ್ಪ ಅಜ್ಜಿಗೆ, "ಇದು ಮಹಾರಾಜರ ಕಾಲದ್ದು, ಗಂಧದ್ದು, ನೀನೂ ಹಚ್ಚಿಕೋ" ಅಂತಿದ್ರು. ಅಜ್ಜಿ ಮೂಗಿನ ಹತ್ತಿರ ಹಿಡಿದು ವಾಸನಿ ನೋಡಿ, "ವಾಸನಿ ಛಲೋ ಅದ. ನಂಗ ಕಡ್ಲಿಹಿಟ್ಟು ಇರಲಿ" ಅಂತ ತಿರುಗಿ ಕೊಡ್ತಿದ್ಲು. ಅವ್ವ ಮಾತ್ರ ಕಾಗದ ಚೆಲ್ಲತಿದ್ದಿಲ್ಲ, ಮಡಚಿ ತನ್ನ ಸೀರಿ ನಡುವ ಇಟ್ಟುಕೋತಿದ್ಲು.

ಇರಲಿ, ನನ್ನ ಸಬಕಾರಕ್ಕ ಬರ್ತೀನಿ. ಬೂದಿ ಹಾದಿ ಬಿಟ್ಟು ಹುಬ್ಬಳ್ಳಿಯ ಒಂದು ಅಂಗಡಿಗೆ ಹೋಗಿ ಕಾಸ್ಟಿಕ್ ಸೋಡಾ ಕೇಳಿದೆ. ಅಂಗಡಿಯವ, "ಏನ್ರಿ ಅಕ್ಕಾರ, ಬಚ್ಚಲ ಕಟ್ಟೇತೇನ್ರಿ?" ಅಂದ. ಸಬಕಾರ ಮಾಡ್ಲಿಕ್ಕೆ ಅಂದೆ. ನನ್ನ ಮುಖ ನೋಡಿ, "ಜ್ವಾಕಿ ರಿ, ಮೈಮ್ಯಾಲೆ ಬಿದ್ದೀತು" ಅಂದ. ಬಚ್ಚಲ ತೂತಿಗೆ ಹಾಕೂ ವಸ್ತು ಮೈಗೆ ಹಚ್ಚೂ ಸಬಕಾರಕ್ಕ ಹಾಕಬೇಕಲ್ಲ ಅಂತ ನಂಗ ಒಳಗ ಕಸಿವಿಸಿ. ಆದ್ರ ಬ್ಯಾರೆ ದಾರಿ ಇಲ್ಲ. ಮಗಳು ತಂದ 320 ರೂಪಾಯಿದೂ ಇದರಿಂದನ ಆದದ್ದು. ಕೆಮಿಕಲ್ ಇಲ್ಲದ ಸಬಕಾರ ಅನ್ನೂದು ಇಲ್ಲವ ಇಲ್ಲ. ಹಾಕೂ ಮುಂದ ತೀಕ್ಷ್ಣ ಕ್ಷಾರ ಹಾಕಲೇಬೇಕು. ಲೆಕ್ಕ ಸರಿ ಇದ್ರ ಅದು ಎಣ್ಣಿ ಜೋಡಿ ಪೂರ್ತಿ ಕೂಡಿ ಹೋಗ್ತದ, ಸಬಕಾರದಾಗ ಉಳಿಯೂದಿಲ್ಲ, ಅಷ್ಟ.

ಮೊದಲನೇ ಸಲ ನಾ ಮಾಡಿದ ತಪ್ಪು ಹೇಳ್ತೀನಿ, ನೀವು ಮಾಡಬ್ಯಾಡ್ರಿ. ಹಳೇ ಪಾತೇಲಿ ಒಂದು ಮೂಲ್ಯಾಗ ಬಿದ್ದಿತ್ತು, ಹೆಂಗೂ ಅಡಗಿಗೆ ಬ್ಯಾಡಾದದ್ದು ಅಂತ ಅದರಾಗ ನೀರು ಹಾಕಿ ಸೋಡಾ ಸುರಿವಿದೆ. ಅದು ಜರ್ಮನ್ ಪಾತೇಲಿ, ಅಂದ್ರ ಅಲ್ಯುಮಿನಿಯಂ. ಬುಸ್ ಅಂತ ನೊರಿ ಎದ್ದು, ಪಾತೇಲಿ ಕರ್ರಗಾಗಿ, ಕುದಿಯೂ ಹಾಲಿನಂಗ ಮ್ಯಾಲೆ ಬಂತು. ಕಾಸ್ಟಿಕ್ ಅಲ್ಯುಮಿನಿಯಂ ಅನ್ನ ತಿಂದು ಹೈಡ್ರೋಜನ್ ಬಿಡ್ತದ ಅಂತ ಅದನ್ನೂ ಪಿಯುಸಿಯಾಗ ಓದಿದ್ದೆ! ಗಾಬರಿಲೆ ಪಾತೇಲಿ ಎತ್ತಿ ಮೋರಿಗೆ ಇಡ್ಲಿಕ್ಕೆ ಹೋದೆ. ನಾಕು ಹನಿ ಮಣಿಕಟ್ಟಿನ ಮ್ಯಾಲೆ ಸಿಡಿದ್ವು. ಮೊದಲು ಜಾರಿಕಿ ಅನಿಸಿತು, ಆಮ್ಯಾಲೆ ತುರಿಕಿ, ಆಮ್ಯಾಲೆ ಉರಿ. ನಮ್ಮನಿಯವರು ಓಡಿ ಬಂದು ನಳದ ಕೆಳಗ ಕೈ ಹಿಡಿಸಿ ಇಪ್ಪತ್ತು ಮಿನಿಟು ನಿಲ್ಲಿಸಿದ್ರು. "320 ರೂಪಾಯಿ ಉಳೀತಲ್ಲ?" ಅಂತ ಕೇಳಲಿಲ್ಲ, ಅದು ಅವರ ದೊಡ್ಡತನ.

ಆ ರಾತ್ರಿ ಮಣಿಕಟ್ಟು ಚುರುಚುರು ಅಂತಿತ್ತು, ನಿದ್ದಿ ಬರಲಿಲ್ಲ. ಆವಾಗ ನಮ್ಮವ್ವನ ಕೈ ಕಣ್ಣ ಮುಂದ ಬಂತು.

ಅಜ್ಜಿ ಸೀರಿ ದಿನಾ ಅವ್ವನ ಒಗೀತಿದ್ಲು ಅಂತ ಹೇಳಿದೆನಲ್ಲ. ಬಿಸಿನೀರಿನಾಗ ಸೋಡಾ, ಇಲ್ಲಾ ಚೌಳು ಹಾಕಿ ಅದ್ದಿ, ಬರೇ ಕೈಲೆ ತಿಕ್ಕಿ, ಕಲ್ಲಿಗೆ ಬಡಿದು ಒಗಿಯೂದು. ಅದರ ಮ್ಯಾಲೆ ಆರು ಮಂದಿ ಮಕ್ಕಳ ಅರಬಿ, ಬೂದಿಯಿಂದ ಭಾಂಡಿ. ಅವ್ವನ ಅಂಗೈ ಯಾವಾಗಲೂ ಬೆಳ್ಳಗ, ಬರಿಗಾಲದಾಗಿನ ಕೆರಿಯಂಗ ಬಿರುಕು ಬಿಟ್ಟಿರ್ತಿತ್ತು. ರೊಟ್ಟಿ ಬಡಿಯೂ ಮುಂದ ಆ ಬಿರುಕಿನಾಗ ಹಿಟ್ಟು ತುಂಬ್ತಿತ್ತು. ಉಪ್ಪಿನಕಾಯಿ ಕಲಿಸೂ ಮುಂದ ಸ್ಸ್ ಅಂತಿದ್ಲು, ಆದ್ರ ಕಲಿಸೂದು ಬಿಡ್ತಿದ್ದಿಲ್ಲ. ರಾತ್ರಿ ಎಲ್ಲಾ ಕೆಲಸ ಮುಗಿದ ಮ್ಯಾಲೆ ಎರಡೂ ಕೈಗೆ ತುಪ್ಪ ಸವರಿಕೊಂಡು ನನ್ನ ಮಗ್ಗಲದಾಗ ಮಲಗ್ತಿದ್ಲು. ನಂಗ ಆ ತುಪ್ಪದ ವಾಸನಿ ಹಿತ ಅನಸ್ತಿತ್ತು. ಯಾಕ ಹಚ್ಕೋತಾಳ ಅಂತ ಒಂದು ದಿನಾನೂ ಕೇಳಲಿಲ್ಲ.

ಹಿಂದಿನವರು ಕೆಮಿಕಲ್ ಮುಟ್ಟಿರಲಿಲ್ಲ ಅಂತ ಮಗಳಿಗೆ ಡೌಲಿನಿಂದ ಹೇಳಿದ್ದೆ. ಬೂದಿನೀರು ಏನು? ಚೌಳು ಏನು? ಸೋಡಾ ಏನು? ಎಲ್ಲಾ ಕ್ಷಾರನ. ಎಣ್ಣಿ ಜೋಡಿ ಕೂಡಿ ಸಬಕಾರ ಆದ್ರ ಅದರ ಖಾರ ಅಲ್ಲೇ ಮುರೀತದ. ಎಣ್ಣಿ ಇಲ್ಲದ ಹಂಗ ಬಳಸಿದ್ರ ಅದು ಕೈಯಾಗಿನ ಜಿಡ್ಡನ್ನ ಹೀರ್ತದ. ಎಣ್ಣಿ ಉಳಿಸಿದ್ವಿ ಅಂತ ನಮ್ಮ ಮನಿ ತಿಳಕೊಂಡಿತ್ತು, ಅದು ಅವ್ವನ ಕೈಯಿಂದ ಹೋಗ್ತಿತ್ತು. ಅಜ್ಜಿ ಕೊಬ್ಬಿಗೆ ಅಂಜಿದ್ದು ತಪ್ಪಂತ ನಾ ಹೇಳೂದಿಲ್ಲ, ಅದು ಅಕಿ ಧರ್ಮ. ಆದ್ರ ಆ ಮಡಿ ನಿಂತದ್ದು ಅವ್ವನ ಅಂಗೈ ಮ್ಯಾಲೆ. ನಾವು ಅಜ್ಜಿ ಮಡಿಯ ಕಥಿ ಹೇಳ್ತೀವಿ, ಆ ಕೈಯಿಂದು ಯಾರೂ ಹೇಳೂದಿಲ್ಲ. ಅಗಸರ ಮನಿಯವರ ಕೈ ಅಂತೂ ನಾವು ನೋಡಲೇ ಇಲ್ಲ. ಅವರು ಹೊರಗ ಕಟ್ಟಿ ಮ್ಯಾಲೆ ಗಂಟು ಇಟ್ಟು ಹೋಗ್ತಿದ್ರು.

ಎಂಟು ದಿನ ಬಿಟ್ಟು ಮತ್ತ ಮಾಡಿದೆ. ಈ ಸಲ ಲೆಕ್ಕ ಸರಿ ಇಟ್ಟೆ. 300 ಗ್ರಾಂ ಕೊಬ್ಬರಿ ಎಣ್ಣಿ, 150 ಗ್ರಾಂ ಶೇಂಗಾ ಎಣ್ಣಿ, 50 ಗ್ರಾಂ ಔಡಲ ಎಣ್ಣಿ, ಒಟ್ಟು ಅರ್ಧ ಕಿಲೋ. ಅದಕ್ಕ 78 ಗ್ರಾಂ ಕಾಸ್ಟಿಕ್ ಸೋಡಾ, 165 ಗ್ರಾಂ ನೀರು. ಎಣ್ಣಿ ಬದಲಾದ್ರ ಸೋಡಾದ ಲೆಕ್ಕಾನೂ ಬದಲಾಗ್ತದ. ಚಮಚ ವಾಟಿ ಅಳತಿ ನಡಿಯೂದಿಲ್ಲ, ಸಣ್ಣ ತೂಕದ ಕಾಟಾ ಬೇಕ ಬೇಕು. ಕೈಗೆ ರಬ್ಬರಿನ ಗ್ಲೋವ್ಸ್, ಕಣ್ಣಿಗೆ ಪೂರ್ತಿ ಮುಚ್ಚೂ ಚಸ್ಮಾ, ಕಿಡಕಿ ತೆರೆದಿಟ್ಟು, ಸಣ್ಣ ಮಕ್ಕಳನ್ನ ದೂರ ಕಳಿಸಿ. ಸ್ಟೀಲಿನ ಭಾಂಡೆದಾಗ ಮೊದಲು ನೀರು, ಅದರಾಗ ಸೋಡಾ ಸ್ವಲ್ಪ ಸ್ವಲ್ಪ ಹಾಕಬೇಕು. ಸೋಡಾದ ಮ್ಯಾಲೆ ನೀರು ಹಾಕಬಾರದು, ಸಿಡೀತದ. ಒಲಿ ಇಲ್ಲದನ ನೀರು ಕುದಿಯೂಹಂಗ ಕಾಯ್ತದ. ಆರಿದ ಮ್ಯಾಲೆ ಉಗುರುಬೆಚ್ಚಗಿನ ಎಣ್ಣಿಗೆ ಸಣ್ಣ ಧಾರಿಲೆ ಸುರಿವಿ ಕಡಗೋಲಿನಿಂದ ಕಡೀತಾ ಹೋದೆ. ಈ ಕೆಲಸಕ್ಕ ಬಳಸಿದ ಕಡಗೋಲು, ಭಾಂಡೆ ಮತ್ತ ಅಡಗಿಮನಿಗೆ ಬರಬಾರದು.

ಮುಕ್ಕಾಲು ತಾಸಿಗೆ ಎಣ್ಣಿ ತಿಳಿ ಹೋಗಿ ಬೆಳ್ಳಗ ಮಂದ ಆತು, ತೆಳ್ಳನ್ನ ಝುಣಕದಂಗ. ಕಡಗೋಲು ಎತ್ತಿದ್ರ ಬಿದ್ದ ಧಾರಿಯ ಗೆರಿ ಮ್ಯಾಲೆನ ಕಾಣಿಸ್ತು. ಅದ ಗುರ್ತು. ಶ್ರೀಖಂಡದ ಖಾಲಿ ಪ್ಲಾಸ್ಟಿಕ್ ಡಬ್ಬಿಯೊಳಗ ಸುರಿವಿ, ಹಳೇ ಕೌದಿ ಹೊಚ್ಚಿಟ್ಟೆ. ಮರುದಿನ ಬೆಣ್ಣಿಯಂಗ ಹೊರಗ ಬಂತು. ಗ್ಲೋವ್ಸ್ ಹಾಕ್ಕೊಂಡ ಚಾಕುಲೆ ಹೋಳು ಮಾಡಿ ಆರು ವಾರ ಗಾಳ್ಯಾಡೂ ಜಾಗದಾಗ ಇಟ್ಟೆ. ಅವಸರ ಮಾಡಬಾರದು. ಸಂಡಿಗಿ ಹಸಿ ಇದ್ದಾಗ ಕರೀತೇವೇನು?

ಆರು ವಾರ ಆದ ಮ್ಯಾಲೆ ಮೊದಲನೇ ಹೋಳು ನಾನ ಹಚ್ಚಿಕೊಂಡೆ. ಸಣ್ಣ ನೊರಿ, ಕೈ ಬಿಗೀಲಿಲ್ಲ, ಉರೀಲಿಲ್ಲ. ಮಗಳಿಗೆ ನಾಕು ಕಳಿಸಿ, ಜೋಡಿ ಒಂದು ಚೀಟಿ ಬರೆದೆ: "ಇದರಾಗ ಕಾಸ್ಟಿಕ್ ಸೋಡಾ ಹಾಕೇನಿ. ನಾ ಅವತ್ತು ಹೇಳಿದ್ದು ತಪ್ಪು." ಎರಡು ಹೋಳು ತಗೊಂಡು ತವರಿಗೆ ಹೋದೆ.

ಅವ್ವಗ ಈಗ ಎಂಬತ್ತೆರಡು. ಕಣ್ಣು ಮಂದ. ಈಗ ಮನ್ಯಾಗ ವಾಷಿಂಗ್ ಮಷೀನ್ ಅದ, ಕೈ ಮೆತ್ತಗಾಗ್ಯಾವ. ಸಬಕಾರ ಕೈಯಾಗ ಇಟ್ಟು, ಮಾಡಿದ ಕಥಿ ಪೂರ್ತಿ ಹೇಳಿದೆ. ಜರ್ಮನ್ ಪಾತೇಲಿ ಮಾತಿಗೆ ನಕ್ಕಳು. ನನ್ನ ಮಣಿಕಟ್ಟಿನ ಮ್ಯಾಲಿನ ಕಂದು ಕಲಿ ಬೆರಳಿಲೆ ಸವರಿ ನೋಡಿದ್ಲು. ನಾ ಕೇಳಿದೆ, "ಅವ್ವಾ, ಆವಾಗ ಅಜ್ಜಿ ಸೀರಿ ಒಗಿಯೂ ಮುಂದ ಕೈ ಭಾಳ ಉರೀತಿತ್ತೇನು?"

ಸ್ವಲ್ಪ ಹೊತ್ತು ಸುಮ್ಮನಿದ್ಲು. "ಉರೀತಿತ್ತವಾ. ಉರೀಲಾರದ ಏನು? ಐವತ್ತು ವರ್ಷದ ಮ್ಯಾಲೆ ನೀನರ ಕೇಳಿದಿ" ಅಂದ್ಲು.

ಆಮ್ಯಾಲೆ ಸಬಕಾರ ಮೂಗಿಗೆ ಹಿಡದ್ಲು, ಥೇಟ್ ಅಜ್ಜಿ ಹಿಡೀತಿದ್ಲಲ್ಲ, ಹಂಗ. "ಛಲೋ ಮಾಡಿ. ಆದ್ರ ಇದಕ್ಕ ವಾಸನಿನ ಇಲ್ಲಲ್ಲ? ಮುಂದಿನ ಸಲ ಬರೂ ಮುಂದ ಹುಬ್ಬಳ್ಳಿಯಿಂದ ಒಂದು ಗಂಧದ ಸಬಕಾರ ತೊಗೊಂಡು ಬಾ. ಕಾಗದ ಹರೀಬ್ಯಾಡ, ನಂಗ ಬೇಕು" ಅಂದ್ಲು.

ಒಂದಲ್ಲ, ಮೂರು ತಗೊಂಡಿಟ್ಟೇನಿ. ಬರೂ ಐತವಾರ ಹೋಗ್ತೀನಿ.